ಬೇಸಿಗೆಯ ತಾರಸಿ ಟೊಮೇಟೊ ಮೂರನೇ ವರ್ಷಕ್ಕೆ ಕೈಗೆ ಬಂತು

"ಬೇಸಿಗೇಲಿ, ಅದೂ ತಾರಸಿ ಮೇಲೆ ಟೊಮೇಟೊನಾ? ಹೂವು ಬಿಡುತ್ತೆ, ಉದುರುತ್ತೆ, ಅಷ್ಟೇ ಕಣಮ್ಮ." ನಮ್ಮ ಮಾವನವರು ಹೀಗೆಂದದ್ದು 2023ರ ಫೆಬ್ರವರಿಯಲ್ಲಿ. ಅವರು ಕೋಲಾರದ ಕಡೆಯವರು. ಟೊಮೇಟೊ ವಿಷಯದಲ್ಲಿ ಅವರಿಗೆ ಎದುರಾಡಲು ಧೈರ್ಯ ಬೇಕು. ನಾನು ಆಡಿದೆ, ಎರಡು ವರ್ಷ ಸೋತೆ. 2025ರಲ್ಲಿ ಹನ್ನೆರಡು ಗಿಡಗಳಿಂದ ಹೆಚ್ಚುಕಡಿಮೆ 35 ಕಿಲೋ ಕಿತ್ತೆ. ತೂಕ ಬರೆದಿಟ್ಟಿದ್ದ ಕ್ಯಾಲೆಂಡರನ್ನು ವರ್ಷ ಮುಗಿಯಿತು ಅಂತ ನಮ್ಮವರು ರದ್ದಿಗೆ ಹಾಕಿಬಿಟ್ಟರು, ಹಾಗಾಗಿ ಒಂದೆರಡು ಕಿಲೋ ಆಚೀಚೆ ಇರಬಹುದು.

ನಮ್ಮದು ಬೆಂಗಳೂರಿನ ನಾಗರಬಾವಿಯಲ್ಲಿ 30-40 ಸೈಟಿನ ಮನೆ. ನಾನು ಮನೆಯಲ್ಲೇ ಹೊಲಿಗೆ ಮಾಡುವವಳು, ದಿನವಿಡೀ ಇರುತ್ತೇನೆ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಬೆಳಗ್ಗೆ ಆಫೀಸಿಗೆ ಹೋಗಿ ರಾತ್ರಿ ಬರುವವರಿಗೆ ನನ್ನ ವಿಧಾನ ಕಷ್ಟ.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ಜಿಐ ಪೈಪಿನ ಚೌಕಟ್ಟು, ಮೇಲೆ ಅರ್ಧ ಬಿಸಿಲು ತಡೆಯುವ (ಶೇ 50ರ) ಹಸಿರು ಶೇಡ್ ನೆಟ್, ಬಿಗಿಯಾಗಿ ಕಟ್ಟಿ ಬಿಟ್ಟಿದ್ದಾಯಿತು. ವೆಲ್ಡಿಂಗ್ ಸೇರಿ 14 ಸಾವಿರದ ಹತ್ತಿರ ಹೋಯಿತು. ಗಿಡ ಎಷ್ಟು ಚೆನ್ನಾಗಿ ಬಂತೆಂದರೆ ನೋಡಿದವರೆಲ್ಲ ಫೋಟೊ ತೆಗೆದುಕೊಂಡರು. ಬರೀ ಎಲೆ! ನನ್ನ ಎತ್ತರಕ್ಕೆ ಸಣಕಲಾಗಿ ಬೆಳೆದವು, ಹೂವು ಲೆಕ್ಕಕ್ಕೆ ಇಷ್ಟೇ ಇಷ್ಟು. ಅಂತೂ ಏಪ್ರಿಲ್ ಕೊನೆಗೆ ಒಂದಿಷ್ಟು ಹೀಚು ಕಾಣಿಸಿತು ಅನ್ನುವಷ್ಟರಲ್ಲಿ ಮೇ ತಿಂಗಳ ಆಲಿಕಲ್ಲು ಮಳೆ ಬಂತು. ಆಲಿಕಲ್ಲು ನೆಟ್ಟಿನ ಮೇಲೆ ಗುಡ್ಡೆಯಾಗಿ ಕೂತು, ನೆಟ್ಟು ತೊಟ್ಟಿಲಿನ ಹಾಗೆ ಜೋತುಬಿದ್ದು, ಒಂದು ಪೈಪು ಬಗ್ಗಿ, ಕೊನೆಗೆ ನೆಟ್ಟು ಹರಿದು ಮಂಜುಗಡ್ಡೆ ಸಮೇತ ಗಿಡದ ಮೇಲೇ ಬಿತ್ತು. ನೆಟ್ಟು ಇಲ್ಲದಿದ್ದರೆ ಇಷ್ಟು ಹಾಳಾಗುತ್ತಿರಲಿಲ್ಲ. ಜುಲೈನಲ್ಲಿ ಟೊಮೇಟೊ ಕಿಲೋಗೆ ನೂರು ದಾಟಿದಾಗ ನಾನೂ ಚೀಲ ಹಿಡಿದು ಅಂಗಡಿ ಮುಂದೆ ನಿಂತಿದ್ದೆ.

ಎರಡನೇ ವರ್ಷ ಸಿಟ್ಟಿಗೆ ನೆಟ್ಟೇ ಹಾಕಲಿಲ್ಲ. ಅದು 2024. ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ, ಏಪ್ರಿಲ್ ಪೂರ್ತಿ ಒಂದು ಹನಿ ಬೀಳಲಿಲ್ಲ, ತಿಂಗಳ ಕೊನೆಗೆ ಬಿಸಿಲು 38 ಡಿಗ್ರಿ ದಾಟಿತು. ಮಾರ್ಚ್‌ನಲ್ಲೇ ನೀರಿನ ಹಾಹಾಕಾರ. ಕುಡಿಯುವ ನೀರು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಆದೇಶವೂ ಬಂತು. ನಮ್ಮ ಬೋರು ಕೈಕೊಟ್ಟಿತ್ತು. ಪಕ್ಕದ ಮನೆಯವರ ಜೊತೆ ಟ್ಯಾಂಕರ್ ಹಂಚಿಕೊಂಡೆ. ಗಿಡದ ಪಾಲಿನ ನೀರಿಗೇ ಸುಮಾರು 2,400 ರೂಪಾಯಿ ಆಗಿರಬೇಕು. ಸಾಲದ್ದಕ್ಕೆ ಆರ್‌ಓ ಫಿಲ್ಟರಿನಿಂದ ಆಚೆ ಹೋಗುವ ನೀರು ಹಿಡಿದು ಹಾಕಿದೆ. ಎರಡೇ ವಾರ, ಎಲೆಯ ಅಂಚೆಲ್ಲ ಸುಟ್ಟ ಹಾಗೆ ಕಂದು. ಆ ನೀರಿನಲ್ಲಿ ಉಪ್ಪಿನಂಶ ಜಾಸ್ತಿ. ನೆಲದಲ್ಲಾದರೆ ಮಳೆಗೆ ಕೆಳಗಿಳಿದು ಹೋಗುತ್ತದೆ, ಗಿಡ ನೆಟ್ಟ ಬ್ಯಾಗಿನಲ್ಲಿ ಎಲ್ಲಿಗೆ ಹೋಗಬೇಕು? ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ. ಎಸಿ ನೀರು ಆಗಬಹುದು, ಅದರಲ್ಲಿ ಉಪ್ಪಿಲ್ಲ.

ಆ ವರ್ಷ ಹೂವು ಮಾತ್ರ ಗೊಂಚಲು ಗೊಂಚಲು. ಒಂದೊಂದೇ ತೊಟ್ಟಿನ ಗಂಟಿನಲ್ಲಿ ಹಳದಿಯಾಗಿ ಉದುರಿತು. ಮಾವನವರು ಹೇಳಿದ ಹಾಗೇ. ಹಗಲು 35ರ ಮೇಲೆ ಹೋಗಿ ರಾತ್ರಿಯೂ ತಣ್ಣಗಾಗದಿದ್ದರೆ ಪರಾಗವೇ ಕೆಲಸಕ್ಕೆ ಬರುವುದಿಲ್ಲ, ಕಾಯಿ ಕಚ್ಚುವುದಿಲ್ಲ. ಕೊನೆಗೆ ಸಿಕ್ಕಿದ್ದು ಮೂರೇ ಮೂರು ಟೊಮೇಟೊ, ಒಂದರ ತಳ ಕಪ್ಪು. ಟ್ಯಾಂಕರಿನ ಲೆಕ್ಕದಲ್ಲಿ ಒಂದೊಂದು 800 ರೂಪಾಯಿಯದು. ನಮ್ಮವರು ಇವತ್ತಿಗೂ ಯಾರಾದರೂ ನೆಂಟರು ಬಂದರೆ ಈ ಲೆಕ್ಕ ಹೇಳುತ್ತಾರೆ.

ಆದರೆ ಆ ಮೂರೂ ಒಂದೇ ಗಿಡದವು. ಅದರ ಬ್ಯಾಗು ಹರಿದಿತ್ತು, ಹೊಸದು ತರಲು ಸೋಮಾರಿತನ, ಹಳೇ ಗೋಣಿಚೀಲದೊಳಗೆ ಇಳಿಸಿ ಇಟ್ಟಿದ್ದೆ. ನೀರು ಹಾಕುವಾಗ ಗೋಣಿಯೂ ನೆನೆಯುತ್ತಿತ್ತು. ಮುನ್ನೂರು ರೂಪಾಯಿಯ ಒಂದು ಥರ್ಮಾಮೀಟರ್ ತರಿಸಿದೆ, ಉದ್ದ ವೈರಿನ ತುದಿಯಲ್ಲಿ ಕಡ್ಡಿ ಇರುತ್ತದಲ್ಲ, ಅದು. ಮಧ್ಯಾಹ್ನ ಮೂರಕ್ಕೆ ಕಪ್ಪು ಬ್ಯಾಗಿನ ಅಂಚಿನ ಮಣ್ಣು 43-44 ಡಿಗ್ರಿ. ಗೋಣಿಯೊಳಗಿನದು 33ರ ಆಸುಪಾಸು. ರಾತ್ರಿ ಹನ್ನೊಂದಕ್ಕೆ ಹೋಗಿ ನೋಡಿದರೆ ತಾರಸಿ ಕಾಂಕ್ರೀಟು ಇನ್ನೂ ಬೆಚ್ಚಗೇ ಇತ್ತು, ಅದರ ಮೇಲೆ ನೇರ ಕೂತಿದ್ದ ಬ್ಯಾಗುಗಳೂ ಬೆಚ್ಚಗೇ. ಗಿಡದ ತಲೆಗೆ ಏನೇನೋ ಮಾಡುತ್ತಿದ್ದೆ, ಕಾಲು ಬೇಯುತ್ತಿತ್ತು.

ಹಾಗಾಗಿ 2025ಕ್ಕೆ ಮೊದಲು ಕಾಲಿಗೆ ವ್ಯವಸ್ಥೆ ಮಾಡಿದೆ. ಪ್ರತಿ ಬ್ಯಾಗಿನ ಕೆಳಗೆ ಇಟ್ಟಿಗೆ, ನೀರಿಳಿಯುವ ತೂತು ಮುಚ್ಚದ ಹಾಗೆ. 15 ಇಂಚಿನ ಬ್ಯಾಗನ್ನು ಗೋಣಿಯೊಳಗೆ ಇಳಿಸಿ ನಡುವಿನ ಸಂದಿಗೆ ತೆಂಗಿನ ಸಿಪ್ಪೆ ತುರುಕಿದೆ. ಗೋಣಿ ದಿನಸಿ ಅಂಗಡಿಯಲ್ಲಿ ಒಂದಕ್ಕೆ ಇಪ್ಪತ್ತೋ ಇಪ್ಪತ್ತೈದೋ. ದಿನಕ್ಕೆರಡು ಸಲ ತರಕಾರಿ ತೊಳೆದ ನೀರನ್ನು ಗೋಣಿಗೆ ಎರಚುತ್ತಿದ್ದೆ. ಕೆಳಗಿನ ಮನೆಯ ಆಂಟಿ "ತಾರಸಿ ಸೋರುತ್ತೆ ನೋಡ್ಕೊಳಿ" ಅಂತ ಎರಡು ಸಲ ಮೇಲೆ ಬಂದರು. ಸೋರಲಿಲ್ಲ. ಆದರೆ ಒದ್ದೆ ಗೋಣಿಗೆ ಇರುವೆ ಬಂದಿದ್ದು ನಿಜ, ಬೇವಿನ ಹಿಂಡಿ ಉದುರಿಸಿದೆ. ಗೋಣಿ ಜೂನ್‌ವರೆಗೆ ಕೊಳೆಯದೆ ಉಳಿಯಲು ಒಂದು ಕೆಲಸ ಮಾಡುತ್ತೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಎರಡನೆಯದು ಪರದೆ. ಇದಕ್ಕೇ ಎಲ್ಲರೂ ನಕ್ಕಿದ್ದು. ಉಳಿದಿದ್ದ ನೆಟ್ಟನ್ನು ನಾಲ್ಕು ಪಟ್ಟಿ ಮಾಡಿ, ಹಳೇ ಸೀರೆಯ ಅಂಚು ಕೊಟ್ಟು ಹೊಲಿದು, ಒಂದೂವರೆ ಅಡಿಗೊಂದು ಕರ್ಟನ್ ರಿಂಗ್ ಹಾಕಿ, ಬಟ್ಟೆ ಒಣಹಾಕುವ ತಂತಿಗೆ ಪೋಣಿಸಿದೆ. ಹನ್ನೊಂದಕ್ಕೆ ಎಳೆಯುವುದು, ನಾಲ್ಕಕ್ಕೆ ಸರಿಸುವುದು. ಮೋಡವಿದ್ದ ದಿನ ಎಳೆಯುವುದೇ ಇಲ್ಲ. ಬೆಳಗಿನ ಬಿಸಿಲು ಪೂರ್ತಿ ಸಿಗುವುದರಿಂದ ಗಿಡ ಸಣಕಲಾಗುವುದಿಲ್ಲ. ಪಟ್ಟಿಗಳನ್ನು ಇಳಿಜಾರಾಗಿ, ನಡುವೆ ಅರ್ಧ ಅಡಿ ಬಿಟ್ಟು ಕಟ್ಟಿದ್ದೇನೆ. ಗಾಳಿ ಆ ಸಂದಿಯಲ್ಲಿ ನುಗ್ಗಿ ಹೋಗುತ್ತದೆ, ಸಣ್ಣ ಆಲಿಕಲ್ಲೂ ಜಾರಿ ಬೀಳುತ್ತದೆ. ದೊಡ್ಡದು ಬಂದರೆ ದೇವರೇ ಗತಿ. ಒಟ್ಟು ಖರ್ಚು 1,900 ಇರಬಹುದು, ಹೊಲಿಗೆ ನನ್ನದೇ.

ಮೂರನೆಯದು ಸಮಯ. ಇಲ್ಲಿ ಮಾವನವರ ಲೆಕ್ಕವನ್ನೇ ಕದ್ದೆ. ಅಶ್ವಿನಿ ಮಳೆ ಹುಟ್ಟುವುದು ಏಪ್ರಿಲ್ ಮಧ್ಯಕ್ಕೆ, ಆಮೇಲೆ ಭರಣಿ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅಂತ ಅವರು ಹೇಳುತ್ತಲೇ ಇರುತ್ತಾರೆ. ಈ ಮಳೆಗಳಿಗೆ ತಂಪಾದ ಮೇಲೆ ಹೂವು ಬಿಡಲಿ ಅಂತ ನಾನು ಜನವರಿ ಕೊನೆಗೆ ಬೀಜ ಹಾಕಿ, ಫೆಬ್ರವರಿ ಕೊನೆಗೆ ಸಸಿ ಬ್ಯಾಗಿಗೆ ಇಳಿಸಿ, ಏಪ್ರಿಲ್ ಹತ್ತು-ಹದಿನಾಲ್ಕರವರೆಗೆ ಬಂದ ಹೂವನ್ನೆಲ್ಲ ಚಿವುಟಿ ಎಸೆದೆ. ಮೊದಲ ಸಲ ಚಿವುಟುವಾಗ ಹೊಟ್ಟೆ ಉರಿಯುತ್ತದೆ, ಸುಳ್ಳಲ್ಲ. ಆದರೆ ಹೇಗೂ ಉದುರುವ ಹೂವಿಗೆ ಗಿಡ ಯಾಕೆ ದುಡಿಯಬೇಕು? ಆಮೇಲೆ ಬಿಟ್ಟ ಹೂವು ನಿಂತಿತು. ಹೂವಿಂದ ಹಣ್ಣಿಗೆ ಆರೇಳು ವಾರ, ಮೇ ಕೊನೆಯಿಂದ ಜುಲೈವರೆಗೂ ಕಿತ್ತೆ. ಹೂವು ಬಿಡುವ ಮೊದಲ ವಾರ ಹುಳಿ ಮಜ್ಜಿಗೆಗೆ ಒಂದು ವಸ್ತು ಸೇರಿಸಿ ಸಿಂಪಡಿಸುತ್ತೇನೆ. ಏನೆಂದು ಕೇಳಬೇಡಿ, ತಂಗಿಗೂ ಹೇಳಿಲ್ಲ.

2025ರ ಬಿಸಿಲು 2024ರಷ್ಟು ಇರಲಿಲ್ಲ, ಅದಕ್ಕೇ ಬಂತು ಅನ್ನುವವರಿದ್ದಾರೆ. ಅದಕ್ಕಾಗಿಯೇ ಹನ್ನೆರಡರ ಜೊತೆ ಇನ್ನೆರಡು ಗಿಡಗಳನ್ನು ಗೋಣಿ, ಪರದೆ ಯಾವುದೂ ಇಲ್ಲದೆ ಪಕ್ಕದಲ್ಲೇ ಇಟ್ಟಿದ್ದೆ. ಅದೇ ಬೀಜ, ಅದೇ ಮಣ್ಣು, ಅದೇ ನೀರು. ಎರಡೂ ಸೇರಿ ಒಂದೂವರೆ ಕಿಲೋ ಕೊಟ್ಟವು. ತಳಿ ಅರ್ಕಾ ರಕ್ಷಕ್, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯದು. ಎಲೆ ಮುರುಟು, ಸೊರಗು ಎರಡೂ ರೋಗಗಳನ್ನು ತಡೆಯುತ್ತದೆ. ಹೈಬ್ರಿಡ್ ಆದ್ದರಿಂದ ಪ್ರತಿ ವರ್ಷ ಬೀಜ ಕೊಳ್ಳಬೇಕು, ಎತ್ತಿಟ್ಟುಕೊಂಡರೆ ಅದೇ ಗುಣ ಬರುವುದಿಲ್ಲ.

ಇನ್ನು ಮಳೆ. ಆ ಮೇ ತಿಂಗಳಲ್ಲಿ ಬೆಂಗಳೂರಿಗೆ 300 ಮಿಲಿಮೀಟರ್ ಮೇಲೆ ಸುರಿಯಿತು. ಬಿಸಿಲಿಗೆ ಸಿದ್ಧಳಾಗಿದ್ದವಳು ಅದೇ ತಂತಿಗೆ ಪಾರದರ್ಶಕ ಪಾಲಿಥಿನ್ ಹಾಳೆ ಪೋಣಿಸಬೇಕಾಯಿತು. ಮೊದಲ ರಾತ್ರಿಯೇ ಹಾಳೆ ಹಾರಿ ಹಿಂದಿನ ಮನೆಯ ತೆಂಗಿನ ಮರಕ್ಕೆ ಸಿಕ್ಕಿಕೊಂಡಿತು, ಇಳಿಸಿದವನಿಗೆ ಇನ್ನೂರು ಕೊಟ್ಟೆ. ಒಣಗಿದ್ದ ಗಿಡಕ್ಕೆ ಒಮ್ಮೆಗೇ ನೀರು ಸಿಕ್ಕರೆ ಹಣ್ಣು ಬಿರಿಯುತ್ತದಲ್ಲ, ಹಾಗಾಗಿ ಬಣ್ಣ ತಿರುಗಿದ ಕೂಡಲೇ ಕಿತ್ತು ಒಳಗೆ ಪೇಪರಿನ ಮೇಲೆ ಹಣ್ಣು ಮಾಡಿದೆ. ರುಚಿಯಲ್ಲಿ ನನಗೇನೂ ವ್ಯತ್ಯಾಸ ಕಾಣಲಿಲ್ಲ. ಹಣ್ಣಿನ ತಳ ಕಪ್ಪಾಗುವುದು ನಿಲ್ಲಲಿ ಅಂತ, ಸುಣ್ಣದಂಶಕ್ಕೆ ಮೊಟ್ಟೆ ಚಿಪ್ಪು ಹಾಕಿ ಹಾಕಿ ಸುಸ್ತಾಗಿದ್ದೆ. ಒಂದು ದಿನ ಬಕೆಟ್ಟು, ಮರುದಿನ ಚೊಂಬು ಅಂತ ನೀರು ಹಾಕುವುದನ್ನು ನಿಲ್ಲಿಸಿದ ಮೇಲೆ ಅದು ತಾನೇ ಹೋಯಿತು. ಚಿಪ್ಪಿನ ಪುಡಿ ಇನ್ನೂ ಒಂದು ಡಬ್ಬಿ ಇದೆ, ಯಾರಿಗಾದರೂ ಬೇಕಾದರೆ.

ನಡುವೆ ಒಂದು ಹುಚ್ಚಾಟ. ಪರಾಗ ಉದುರಲಿ ಅಂತ ಬ್ಯಾಟರಿ ಟೂತ್‌ಬ್ರಷ್ಷನ್ನು ಬೆಳಗ್ಗೆ ಒಂಬತ್ತಕ್ಕೆ ಹೂವಿನ ತೊಟ್ಟಿಗೆ ತಾಗಿಸಿ ನಡುಗಿಸಿದೆ. 40 ಹೂವಿಗೆ ಕೆಂಪು ದಾರ, ಮುಟ್ಟದ 40ಕ್ಕೆ ಬಿಳಿ ದಾರ. ಕೆಂಪಿನಲ್ಲಿ ಇಪ್ಪತ್ತರ ಮೇಲೆ ಕಾಯಿ ಕಚ್ಚಿತು, ಬಿಳಿಯಲ್ಲಿ ಹನ್ನೆರಡೋ ಹದಿಮೂರೋ. ತುಂಬ ಧಗೆಯಿದ್ದ ದಿನದ ಹೂವಿಗೆ ಮಾತ್ರ ಬ್ರಷ್ಷೂ ಕೆಲಸ ಮಾಡಲಿಲ್ಲ.

ಬೀನ್ಸನ್ನು ಇದೇ ರೀತಿ ಉಳಿಸಲು ಹೋಗಿ ಸೋತೆ. ಹೂವು ನಿಲ್ಲಲೇ ಇಲ್ಲ, ಈಗ ಆ ಜಾಗದಲ್ಲಿ ಅಲಸಂದೆ. ಬೆಂಡೆ, ಬಸಳೆಗೆ ಪರದೆ ದಂಡ, ಅವು ಬಿಸಿಲಲ್ಲೇ ಕುಣಿಯುತ್ತವೆ. ಸೌತೆ ಮಾತ್ರ ನೀರು ಹೆಚ್ಚುಕಡಿಮೆಯಾದ ವಾರ ಕಹಿ ಬಂತು, ತುದಿ ಕೊಯ್ದು ಉಪ್ಪು ಹಚ್ಚಿ ಉಜ್ಜಿದರೂ ಹೋಗಲಿಲ್ಲ.

ಜೂನ್‌ನಲ್ಲಿ ಮಾವನವರು ಬಂದಿದ್ದರು. ಟೊಮೇಟೊ ಗೊಜ್ಜು ಬಡಿಸಿದೆ. ಎರಡು ಸಲ ಹಾಕಿಸಿಕೊಂಡು ತಿಂದು, "ಹುಳಿ ಸ್ವಲ್ಪ ಸಾಲದು" ಅಂದರು. ಊಟವಾದ ಮೇಲೆ ಕಾಣಿಸದ ಹಾಗೆ ಮೇಲೆ ಹೋಗಿ ಪರದೆಯನ್ನು ಎರಡು ಸಲ ಎಳೆದು ಸರಿಸಿ ನೋಡಿದರಂತೆ, ಆಂಟಿ ಹೇಳಿದರು. ಮುಂದಿನ ಸರದಿ ದಪ್ಪ ಮೆಣಸಿನಕಾಯಿಯದು. ಆರು ಗಿಡ ಇಟ್ಟಿದ್ದೆ, ಹೂವು ನಿಂತವು, ಕಾಯಿ ಮಾತ್ರ ಗೋಲಿಯಷ್ಟಾಗಿ ನಿಂತುಬಿಟ್ಟವು. ಯಾರಿಗಾದರೂ ಮೇ ತಿಂಗಳಲ್ಲಿ ಕೈ ತುಂಬುವಷ್ಟು ದಪ್ಪ ಬಂದಿದ್ದರೆ ಹೇಳಿ, ಮಜ್ಜಿಗೆಗೆ ಏನು ಸೇರಿಸುತ್ತೇನೆ ಅನ್ನುವುದನ್ನು ಆಗ ಬದಲಿಗೆ ಹೇಳುತ್ತೇನೆ.