ಅಳು, ಆಲ್ಟೊ ಮತ್ತು ವಾರದ ಆರು ಗಂಟೆ: ನನ್ನ ಅನುಭವ

ಮನೆಯಲ್ಲಿ ಸಾವಾದ ಮೇಲೆ ಕಾಯರ್ (ಗುಂಪಾಗಿ ಹಾಡುವ ತಂಡ) ಬಿಡಬೇಕೋ ಬೇಡವೋ ಎಂದು ಕೇಳಿದರೆ ಎಲ್ಲರ ಬಳಿಯೂ ಉತ್ತರ ಸಿದ್ಧವಾಗಿರುತ್ತದೆ. ‘ಒಂದು ವರ್ಷ ಬಿಟ್ಟುಬಿಡು’ ಅನ್ನುವವರು ಅರ್ಧ ಜನ. ‘ಹಾಡು, ಮನಸ್ಸು ಹಗುರಾಗುತ್ತೆ’ ಅನ್ನುವವರು ಉಳಿದರ್ಧ. ಎರಡನ್ನೂ ಮಾಡಿ ನೋಡಿದೆ, ಎರಡೂ ಕೈಕೊಟ್ಟವು. ಬಿಟ್ಟ ನಾಲ್ಕು ತಿಂಗಳಲ್ಲಿ ಉಸಿರಿನ ಉದ್ದ ಹೋಯಿತು, ಮೇಲಿನ ಎರಡು ಸ್ವರ ಹೋದವು, ದುಃಖ ಮಾತ್ರ ಇದ್ದಲ್ಲೇ ಇತ್ತು. ಹಗುರಾಗಲೆಂದು ಹಾಡಲು ಹೋದಾಗ ಮೂರನೇ ರಿಹರ್ಸಲ್‌ಗೇ ಗಂಟಲು ಕಟ್ಟಿತು. ಮನೆಗೆ ಬಂದರೆ ಯಾರ ಜೊತೆಗೂ ಮಾತಾಡಲು ತ್ರಾಣವಿರಲಿಲ್ಲ. ಆಮೇಲೆ ಕೆಳಗೆ ಹೇಳುವ ದಾರಿ ಹಿಡಿದೆ. ಈಗ ಮೂರು ಸೀಸನ್ ಆಗಿವೆ, ತಪ್ಪಿದ್ದು ಒಟ್ಟು ಐದೋ ಆರೋ ರಿಹರ್ಸಲ್. ‘ಇದು ನಡೆಯೋದಿಲ್ಲ’ ಎಂದಿದ್ದವರ ಹಾಜರಿ ನನ್ನದಕ್ಕಿಂತ ಕಡಿಮೆ, ಅಷ್ಟು ಹೇಳಿಕೊಳ್ಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ವಿಷಯ ಕೆಡುತ್ತಿದ್ದದ್ದು ಹಾಡುವ ಎರಡು ಗಂಟೆಯಲ್ಲಲ್ಲ ಎಂದು ಗೊತ್ತಾಗಲು ಬಹಳ ದಿನ ಹಿಡಿಯಿತು. ಕೆಡುತ್ತಿದ್ದದ್ದು ಅದರ ಎರಡು ಅಂಚುಗಳಲ್ಲಿ: ಮನೆ ಬಿಡುವ ಮುಂಚಿನ ಅರ್ಧ ಗಂಟೆ, ಮನೆಗೆ ಬಂದ ಮೇಲಿನ ಅರ್ಧ ಗಂಟೆ. ಅವನ್ನೂ ಲೆಕ್ಕಕ್ಕೆ ಸೇರಿಸಿದ ಮೇಲೆ ವಾರದ ಪಾಲು ಹೀಗೆ ನಿಂತಿತು: ರಿಹರ್ಸಲ್ ಎರಡು ಗಂಟೆ, ಓಡಾಟ ಒಂದು, ಎರಡು ಅಂಚು ಸೇರಿ ಒಂದು, ಮನೆಯಲ್ಲಿ ಅಭ್ಯಾಸ ಹನ್ನೆರಡು ನಿಮಿಷದಂತೆ ಐದು ದಿನ, ಬರವಣಿಗೆ ಇಪ್ಪತ್ತು ನಿಮಿಷದಂತೆ ಮೂರು ದಿನ. ಒಟ್ಟು ಆರು ಗಂಟೆ. ಏಳಕ್ಕೆ ಏರಿಸಿದ ಪ್ರತಿ ಸಲವೂ ಮನೆಯಲ್ಲಿ ಏನಾದರೊಂದು ಮುರಿದಿದೆ.

ಮೊದಲ ಅಂಚಿನಲ್ಲಿ ಒಂದೇ ನಿಯಮ: ಅಳು ಬರುವಂತಿದ್ದರೆ ಅದು ಹಾಡಿಗೆ ಒಂದು ಗಂಟೆ ಮುಂಚೆಯಾದರೂ ಮುಗಿದಿರಬೇಕು. ಅಳುವಾಗ ದೇಹ ಗಾಳಿಗಾಗಿ ಗಂಟಲಿನ ಬಾಯಿ ತೆರೆದಿಡಲು ನೋಡುತ್ತದೆ. ಸ್ವರ ಹುಟ್ಟಬೇಕಾದರೆ ಅದೇ ಜಾಗ ಮುಚ್ಚಬೇಕು. ಈ ಎಳೆದಾಟವೇ ಗಂಟಲಲ್ಲಿ ಉಂಡೆ ಸಿಕ್ಕಿದಂತೆ ಅನ್ನಿಸುವುದು. ಆ ಉಂಡೆಯ ಮೇಲೆ ಒತ್ತಿ ಹಾಡಿದರೆ ಕತ್ತು ಬಿಗಿಯುತ್ತದೆ, ಶ್ರುತಿ ಮೇಲಕ್ಕೋ ಕೆಳಕ್ಕೋ ಜಾರುತ್ತದೆ, ಮರುದಿನ ಧ್ವನಿ ಒಡೆದಿರುತ್ತದೆ. ಅತ್ತ ಮೇಲೆ ಮೂಗಿನೊಳಗೂ ಊತವಿರುವುದರಿಂದ ‘ಮ’, ‘ನ’ಗಳು ಮುಚ್ಚಿದ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತವೆ. ಎರಡು ಮೂರು ಗುಟುಕು ನೀರನ್ನು ನಿಧಾನವಾಗಿ ನುಂಗುವುದು, ಅರ್ಧ ಗಂಟೆ ಸುಮ್ಮನಿರುವುದು, ಆಮೇಲೆ ಸ್ಟ್ರಾ. ಪಿಸುಮಾತು ಬೇಡವೇ ಬೇಡ, ಅದು ವಿಶ್ರಾಂತಿಯಲ್ಲ.

ಸ್ಟ್ರಾದಿಂದ ನೀರಿನಲ್ಲಿ ಗುಳ್ಳೆ ಎಬ್ಬಿಸುತ್ತ ಸ್ವರ ತೆಗೆಯುವ ಅಭ್ಯಾಸ ಹಾಡುವವರಿಗೆ ಗೊತ್ತಿರುವುದೇ, ಆದರೂ ನನ್ನ ಅಳತೆ ಹೇಳುತ್ತೇನೆ. ಐದಾರು ಮಿಲಿಮೀಟರ್ ಅಗಲದ ಸ್ಟ್ರಾ, ಅರ್ಧ ಲೋಟ ನೀರು, ತುದಿ ನೀರಿನೊಳಗೆ ಎರಡರಿಂದ ಮೂರು ಸೆಂಟಿಮೀಟರ್. ‘ಊ’ ಎಂದು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರಿಸುವುದು, ನಾಲ್ಕು ನಿಮಿಷ. ಗುಳ್ಳೆ ಒಂದೇ ಸಮನೆ ಏಳಬೇಕು. ಬಿಟ್ಟು ಬಿಟ್ಟು ಎದ್ದರೆ ಉಸಿರಿಗೆ ಆಸರೆ ಸಾಲದು ಎಂದರ್ಥ. ಮೊದಲು ಹತ್ತು ಸೆಂಟಿಮೀಟರ್ ಆಳಕ್ಕಿಟ್ಟು ಮಾಡಿದೆ. ದುಃಖದ ದಿನಗಳಲ್ಲಿ ಉಸಿರು ಮೊದಲೇ ಮೇಲೆದೆಯಲ್ಲಿ ನಿಂತಿರುತ್ತದೆ, ಅದರ ಮೇಲೆ ಆ ಆಳದ ಒತ್ತಡ ಬಿದ್ದರೆ ಕತ್ತಿನ ನರ ಉಬ್ಬುತ್ತದೆ. ಆಳ ಕಡಿಮೆ ಮಾಡಿದ ವಾರದಲ್ಲೇ ಸರಿಹೋಯಿತು. ಇನ್ನೊಂದು ಲಾಭ, ಪಕ್ಕದ ಕೋಣೆಯಲ್ಲಿ ಮಲಗಿದ ಮಗುವಿಗೆ ಇದು ಕೇಳಿಸುವುದಿಲ್ಲ. ನನ್ನ ಹನ್ನೆರಡು ನಿಮಿಷದ ಅಭ್ಯಾಸದಲ್ಲಿ ಅರ್ಧದಷ್ಟು ಈ ಗುಳ್ಳೆಯಲ್ಲೇ ನಡೆದಿದೆ. ಉಳಿದದ್ದು ಬಟ್ಟೆಯ ಕಪಾಟಿಗೆ ಮುಖಮಾಡಿ. ತೂಗುಹಾಕಿದ ಬಟ್ಟೆಗಳು ಎತ್ತರದ ಸ್ವರವನ್ನು ಚೆನ್ನಾಗಿ ಹೀರುತ್ತವೆ, ತಗ್ಗಿನ ಸ್ವರ ಮಾತ್ರ ಗೋಡೆ ದಾಟಿ ಹೋಗಿಯೇ ಹೋಗುತ್ತದೆ.

ಹಣದ ವಿಷಯದಲ್ಲಿ ನಾನು ಮಾಡಿದಷ್ಟು ದಡ್ಡತನ ಇನ್ಯಾರೂ ಮಾಡಬೇಕಿಲ್ಲ. ಸತ್ತವರ ನೆನಪಿಗೆ ‘ಏನೋ ದೊಡ್ಡದು’ ಮಾಡುತ್ತೇನೆಂದು ರೆಕಾರ್ಡಿಂಗಿಗೆ ಒಂದು ಕಂಡೆನ್ಸರ್ ಮೈಕ್, ಅದನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್, ಸ್ಟ್ಯಾಂಡ್ ಕೊಂಡೆ. ಹೆಚ್ಚುಕಡಿಮೆ ಮೂರು ಸೀಸನ್ ಫೀಸಿನಷ್ಟು ಹೋಯಿತು. ಮನೆಯ ಫ್ಯಾನು, ಮಕ್ಕಳ ಗಲಾಟೆ ಎಲ್ಲವನ್ನೂ ಹಿಡಿಯುವ ಆ ಮೈಕಿಗಿಂತ ಫೋನ್ ರೆಕಾರ್ಡಿಂಗೇ ನನ್ನ ಕೆಲಸಕ್ಕೆ ಸಾಕಾಗಿತ್ತು. ಅರ್ಧ ಬೆಲೆಗೆ ಮಾರಿದೆ. ಮೊದಲ ವರ್ಷ ಪೂರ್ತಿ ಸೀಸನ್ ಫೀಸು ಮುಂಗಡ ಕಟ್ಟಿ ಅರ್ಧಕ್ಕೆ ನಿಲ್ಲಿಸಿದ್ದು ಇನ್ನೊಂದು ನಷ್ಟ. ಕಂತಿನಲ್ಲಿ ಕಟ್ಟುತ್ತೇನೆಂದು ಕೇಳಿ, ಬಹಳ ಕಡೆ ಒಪ್ಪುತ್ತಾರೆ. ಸ್ಕೋರ್ (ಹಾಡಿನ ಸ್ವರಲಿಪಿ) ಕೊಳ್ಳುವ ಬದಲು ತಂಡದ ಪ್ರತಿಯನ್ನೇ ಎರವಲು ಪಡೆದು, ಪೆನ್ಸಿಲಿನಲ್ಲೇ ಗುರುತು ಹಾಕಿ, ಅಳಿಸಿ ವಾಪಸ್ ಕೊಡಿ. ದುಡ್ಡು ಹಾಕಲೇಬೇಕೆಂದರೆ ರಿಹರ್ಸಲ್ ದಿನ ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರಿಗೆ ಹಾಕಿ. ನನ್ನ ಖರ್ಚಿನಲ್ಲಿ ದಂಡವಾಗದ್ದು ಅದೊಂದೇ.

ಯಾವ ಭಾಗಕ್ಕೆ ನಿಲ್ಲಬೇಕು? ಶಕ್ತಿಯಿದ್ದರೂ ಸೊಪ್ರಾನೊ (ಹೆಂಗಸರ ಎತ್ತರದ ದನಿಯ ಸಾಲು) ಬೇಡ. ರಾಗ ಅವರ ಬಳಿ ಇರುತ್ತದೆ, ರಾಗಕ್ಕೆ ನೆನಪು ಅಂಟಿಕೊಂಡಿರುತ್ತದೆ. ಆಲ್ಟೊ (ಹೆಂಗಸರ ತಗ್ಗಿನ ದನಿ), ಟೆನರ್ (ಗಂಡಸರ ಎತ್ತರದ ದನಿ) ಭಾಗಗಳಲ್ಲಿ ಹೆಚ್ಚಾಗಿ ಕೆಲವೇ ಸ್ವರಗಳ ನಡುವೆ ಓಡಾಟ, ಎಣಿಕೆ ಜಾಸ್ತಿ, ಭಾವ ಉಕ್ಕುವ ಅವಕಾಶ ಕಡಿಮೆ. ನಾನು ಎರಡು ಸೀಸನ್‌ಗೆಂದು ಆಲ್ಟೊಗೆ ಇಳಿದವಳು ಅಲ್ಲೇ ಉಳಿದೆ. ಒಂದು ಭಾಗದಲ್ಲಿ ಎಂಟು ಹತ್ತು ಜನರಿದ್ದರೆ ಒಬ್ಬರು ನಡುವೆ ಬಿಟ್ಟರೂ ಕೇಳುವವರಿಗೆ ತಿಳಿಯುವುದಿಲ್ಲ. ಮೂವರೇ ಇದ್ದರೆ ತಿಳಿಯುತ್ತದೆ, ಅಂಥ ಚಿಕ್ಕ ತಂಡಕ್ಕೆ ಆ ವರ್ಷ ಹೋಗಬೇಡಿ. ಸಾಲಿನ ತುದಿಯ ಜಾಗ ಕೇಳಿ ಪಡೆಯಿರಿ, ಪಕ್ಕದಲ್ಲಿ ನೋಟೇಶನ್ ಗಟ್ಟಿಯಾಗಿ ಓದುವವರಿರಲಿ. ಕಂಡಕ್ಟರಿಗೆ (ಎದುರು ನಿಂತು ತಂಡವನ್ನು ಹಾಡಿಸುವವರಿಗೆ) ಒಂದೇ ವಾಕ್ಯ ಸಾಕು: ‘ಮನೆಯಲ್ಲಿ ಸಾವಾಗಿದೆ, ಕೆಲವು ಸಲ ನಡುವೆ ನಿಲ್ಲಿಸುತ್ತೇನೆ, ವಿಚಾರಿಸಬೇಡಿ.’ ಕೊನೆಯ ಪದವೇ ಮುಖ್ಯ. ಅದನ್ನು ಹೇಳದಿದ್ದ ಕಡೆ ಪ್ರತಿ ವಿರಾಮದಲ್ಲೂ ಯಾರೋ ಬಂದು ಬೆನ್ನು ಸವರಿದರು, ಉಳಿದ ಅರ್ಧ ರಿಹರ್ಸಲ್ ಕೈತಪ್ಪಿತು.

ಗಂಟಲು ಕಟ್ಟಿಸುವ ಬಾರ್‌ಗಳು (ಸ್ವರಲಿಪಿಯಲ್ಲಿ ಗೆರೆ ಎಳೆದು ಭಾಗಿಸಿದ ತಾಳದ ತುಂಡುಗಳು) ಒಂದು ಕೃತಿಯಲ್ಲಿ ನಾಲ್ಕೈದಕ್ಕಿಂತ ಹೆಚ್ಚಿರುವುದಿಲ್ಲ. ಮೊದಲ ಓದಿನಲ್ಲೇ ಅವು ಗೊತ್ತಾಗುತ್ತವೆ. ನನ್ನ ಪೆನ್ಸಿಲ್ ಗುರುತು ಮೂರು: ಆ ಪದಕ್ಕೆ ಸುತ್ತು, ಬಿಡಬಹುದಾದ ಜಾಗಕ್ಕೆ ಓರೆಗೆರೆ, ಮತ್ತೆ ಸೇರುವ ಜಾಗಕ್ಕೆ ಸರಿಗುರುತು. ಉದ್ದ ಸ್ವರದ ನಡುವೆ ಒಬ್ಬೊಬ್ಬರು ಬೇರೆ ಬೇರೆ ಹೊತ್ತಿಗೆ ಉಸಿರು ತೆಗೆದುಕೊಳ್ಳುವ ಪದ್ಧತಿ ಕಾಯರಿನಲ್ಲಿ ಹೇಗೂ ಇದೆ, ನಾನು ಮಾಡಿದ್ದು ಅದನ್ನೇ ಹಿಗ್ಗಿಸಿದ್ದು. ಬಿಡುವುದಾದರೆ ಸ್ವರಾಕ್ಷರದ (ಅ, ಊ ಥರದ್ದರ) ನಡುವೆ ಬಿಡಿ, ವ್ಯಂಜನದ ಮೇಲೆ ಬೇಡ. ಸೇರುವಾಗ ಅದೇ ಸ್ವರಾಕ್ಷರದೊಳಗೆ ಮೆಲ್ಲಗೆ ನುಸುಳಿ, ವ್ಯಂಜನವನ್ನು ಮತ್ತೆ ಉಚ್ಚರಿಸಬೇಡಿ. ಒಂದು ಸಂಗೀತ ಕಚೇರಿಯಲ್ಲಿ ನನ್ನೊಬ್ಬಳ ‘ಸ’ ಮೂರನೇ ಬೀಟಿನಲ್ಲಿ ಹಾವಿನಂತೆ ಹೊರಗೆ ಬಂದಿತ್ತು. ರೆಕಾರ್ಡಿಂಗಿನಲ್ಲಿ ಇನ್ನೂ ಇದೆ.

ಆ ನಾಲ್ಕೈದು ಬಾರ್‌ಗಳನ್ನು ಕಲಿಯುವಾಗ ಅರ್ಥವನ್ನು ಕೊನೆಗೆ ಬರಲು ಬಿಡಬೇಕು. ಮೊದಲು ಸಾಲಿನ ಪದಗಳನ್ನು ಕೊನೆಯಿಂದ ಮೊದಲಿಗೆ ಓದುವುದು, ಹತ್ತು ಸಲ. ಆಮೇಲೆ ಲಯಕ್ಕೆ ಬರೀ ಮಾತು. ಮೂರನೆಯದಾಗಿ ಸ್ವರಕ್ಕೆ ‘ಊ’ ಮಾತ್ರ. ನಾಲ್ಕನೆಯದಾಗಿ ಪದದ ಸ್ವರಾಕ್ಷರಗಳು. ವ್ಯಂಜನ ಹಾಕಿ ಪೂರ್ತಿ ಸಾಹಿತ್ಯ ಹಾಡುವುದು ಐದನೇ ದಿನ. ಇದನ್ನು ಒಂದೇ ದಿನದಲ್ಲಿ ಮುಗಿಸಿದರೆ ಕೆಲಸ ಮಾಡುವುದಿಲ್ಲ, ನಡುವೆ ರಾತ್ರಿಗಳು ಬೇಕು. ಹಾಡುವ ಹೊತ್ತಿನಲ್ಲಿ ಆ ಜಾಗ ಬಂದಾಗ ನನ್ನ ಕಣ್ಣು ಸ್ಕೋರಿನಲ್ಲಿ ಬಾಸ್ (ಗಂಡಸರ ತಗ್ಗಿನ ದನಿ) ಸಾಲಿನ ಮೇಲಿರುತ್ತದೆ, ತಲೆಯೊಳಗೆ ಅರೆಬೀಟುಗಳ ಎಣಿಕೆ ನಡೆಯುತ್ತಿರುತ್ತದೆ. ವೇದಿಕೆ ಹತ್ತುವ ಮುಂಚಿನ ಒಂದು ನಿಮಿಷದಲ್ಲಿ ನಾಲಿಗೆಯಿಂದ ಮಾಡುವ ಒಂದು ಉಪಾಯವೂ ಇದೆ. ಅದು ನನಗೂ ಪಕ್ಕದವಳಿಗೂ ಮಾತ್ರ, ಇಲ್ಲಿ ಬರೆಯುವುದಿಲ್ಲ.

ಎರಡನೇ ಅಂಚು ಇನ್ನೂ ಕಷ್ಟ. ಎರಡು ಗಂಟೆ ಹಾಡಿದವರು ಉಬ್ಬಿ ಬರುತ್ತಾರೆ, ಮನೆಯವರು ದಣಿದು ಕೂತಿರುತ್ತಾರೆ. ಬಾಗಿಲು ತೆರೆದ ಕೂಡಲೇ ರಿಹರ್ಸಲ್ ಕಥೆ ಹೇಳುವುದೂ ತಪ್ಪು, ಮುಖ ಸಣ್ಣದು ಮಾಡಿಕೊಂಡು ಕೋಣೆ ಸೇರುವುದೂ ತಪ್ಪು. ನಾನು ಮನೆಗೆ ಹತ್ತು ನಿಮಿಷ ದೂರದಲ್ಲಿ ನಿಂತು ಮುಂದಿನ ವಾರದ ಗುರುತುಗಳನ್ನು ಫೋನಿಗೆ ಹೇಳಿ, ಫೋನ್ ಚೀಲಕ್ಕೆ ಹಾಕಿ ಒಳಗೆ ಹೋಗುತ್ತೇನೆ. ಮೊದಲ ಇಪ್ಪತ್ತು ನಿಮಿಷ ಕೈಕೆಲಸ: ಪಾತ್ರೆಯೋ ಬಟ್ಟೆಯೋ ಮಗುವಿನ ಪುಸ್ತಕದ ಚೀಲವೋ. ಮಾತು ಅದಾದ ಮೇಲೆ.

ದುಃಖ ಮನೆಯಲ್ಲಿ ಎಲ್ಲರಿಗೂ ಒಂದೇ ಹೊತ್ತಿಗೆ ಬರುವುದಿಲ್ಲ. ಸ್ಟ್ರೋಬ ಮತ್ತು ಶುಟ್ ಎಂಬ ಸಂಶೋಧಕರು 1999ರಲ್ಲಿ ಬರೆದಂತೆ, ದುಃಖದಲ್ಲಿರುವವರು ಕಳೆದುಕೊಂಡದ್ದರ ಕಡೆಗೂ ಬದುಕು ಕಟ್ಟುವುದರ ಕಡೆಗೂ ಓಲಾಡುತ್ತಿರುತ್ತಾರೆ. ನಾನು ಹಾಡಿನ ಕಡೆ ಓಲಿದ ದಿನವೇ ಗಂಡ ನೆನಪಿನ ಕಡೆ ಓಲಿದ್ದು ಎಷ್ಟೋ ಸಲ. ಅದಕ್ಕೆ ರಿಹರ್ಸಲ್ ಇಲ್ಲದ ಒಂದು ಸಂಜೆಯನ್ನು ಹೋದವರ ಬಗ್ಗೆ ಮಾತಾಡಲು ಮೀಸಲಿಟ್ಟೆವು. ಆ ಸಂಜೆ ಯಾರೂ ಮಾತಾಡದಿದ್ದರೂ ಅದನ್ನು ಬೇರೆ ಕೆಲಸಕ್ಕೆ ಕೊಡುವುದಿಲ್ಲ. ಮಕ್ಕಳನ್ನೂ ಮರೆಯಬೇಡಿ. ಸಾವಿನ ಸಾಹಿತ್ಯವಿರುವ ಭಾಗವನ್ನು ಮನೆಯಲ್ಲಿ ಜೋರಾಗಿ ಹಾಡುತ್ತಿದ್ದರೆ ಅದನ್ನು ಪ್ರತಿದಿನ ಕೇಳುವವರು ಅವರು.

ಸಂಗೀತ ಕಚೇರಿಯಿರುವ ವಾರ ಮೂರು ರಿಹರ್ಸಲ್, ಒಂದು ಪ್ರದರ್ಶನ. ಆರು ಗಂಟೆ ಹನ್ನೆರಡನ್ನೂ ಮೀರುತ್ತದೆ. ಮೊದಲೆಲ್ಲ ‘ಮುಗಿದ ಮೇಲೆ ಸರಿದೂಗಿಸುತ್ತೇನೆ’ ಎನ್ನುತ್ತಿದ್ದೆ. ಮುಗಿದ ಮೇಲೆ ಯಾರಿಗೂ ತ್ರಾಣವಿರುವುದಿಲ್ಲ, ನನಗಂತೂ ಮೂರು ದಿನ ಮಂಕು. ಈಗ ಆರು ವಾರ ಮುಂಚೆ ದಿನಾಂಕ ಹೇಳಿ, ಆ ಹೆಚ್ಚುವರಿ ಗಂಟೆಗಳನ್ನು ಮೊದಲೇ ಮನೆಗೆ ಕೊಟ್ಟುಬಿಡುತ್ತೇನೆ. ಸಾಲ ಮಾಡುವುದಕ್ಕಿಂತ ಮುಂಗಡ ಕೊಡುವುದು ಮನೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಸೀಸನ್‌ಗೆ ಹೆಸರು ಕೊಡುವ ಮುಂಚೆ ಪುಣ್ಯತಿಥಿ, ಹುಟ್ಟಿದ ದಿನ ಎರಡನ್ನೂ ಕ್ಯಾಲೆಂಡರಿನಲ್ಲಿ ನೋಡಿ. ಹುಟ್ಟಿದ ದಿನವೇ ಹೆಚ್ಚು ಹೊಡೆತ ಕೊಡುತ್ತದೆ, ಅದನ್ನು ಯಾರೂ ನೆನಪಿಸುವುದಿಲ್ಲ.

ಬರವಣಿಗೆಗೆ ಬಂದರೆ, ಎಂಟು ತಿಂಗಳು ನಾಲ್ಕು ಧ್ವನಿಗಳ ಶೋಕಗೀತೆ ಬರೆದೆ. ನಲವತ್ತು ಪುಟದಲ್ಲಿ ಉಳಿದದ್ದು ಮೂರು. ಈಗಿನ ಕಟ್ಟುಪಾಡು: ಸಾಹಿತ್ಯ ಎಂಟು ಸಾಲು ಮೀರುವಂತಿಲ್ಲ, ಧ್ವನಿ ಎರಡು ಮೀರುವಂತಿಲ್ಲ, ಇಪ್ಪತ್ತು ನಿಮಿಷಕ್ಕೆ ಟೈಮರ್ ಬಡಿದರೆ ಅರ್ಧ ಸಾಲಿನಲ್ಲೇ ಏಳುವುದು. ಅರ್ಧ ಸಾಲು ಉಳಿದಿದ್ದರೆ ಮರುದಿನ ಶುರುಮಾಡಲು ಸುಲಭ. ಬರೆದದ್ದನ್ನು ತಂಡಕ್ಕೆ ತಕ್ಷಣ ಕೊಡುವ ಆಸೆ ಹುಟ್ಟುತ್ತದೆ, ಬೇಡ. ಇಂಗ್ಲೆಂಡಿನ ಸಂಗೀತಕಾರ ಹರ್ಬರ್ಟ್ ಹೊವೆಲ್ಸ್‌ನ ಒಂಬತ್ತು ವರ್ಷದ ಮಗ 1935ರಲ್ಲಿ ತೀರಿಕೊಂಡ. ಆ ದುಃಖದಿಂದ ಹುಟ್ಟಿದ ಕಾಯರ್ ಕೃತಿ ‘ಹಿಮ್ನಸ್ ಪ್ಯಾರಡೈಸಿ’ಯನ್ನು ಮೊದಲ ಸಲ ಜನರೆದುರು ಹಾಡಿದ್ದು 1950ರಲ್ಲಿ. ಅಷ್ಟು ವರ್ಷ ಕಾಯಬೇಕಿಲ್ಲ, ನನ್ನ ಗಡುವು ಒಂದು ಸೀಸನ್. ನನ್ನ ಎರಡು ಧ್ವನಿಯ ತುಣುಕನ್ನು ಕಳೆದ ಸೀಸನ್ನಿನಲ್ಲಿ ಆಲ್ಟೊ ಸಾಲು ವಾರ್ಮಪ್‌ಗೆ ಹಾಡಿತು. ಕಂಡಕ್ಟರ್ ಯಾರದು ಎಂದು ಕೇಳಿದರು. ಹೇಳಲಿಲ್ಲ.

ಒಂದು ಅಡ್ಡದಾರಿಯ ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಚೆಕ್ ಸಂಗೀತಕಾರ ಲಿಯೋಶ್ ಯಾನಾಚೆಕ್ ಜನರ ಮಾತಿನ ಏರಿಳಿತಗಳನ್ನು ಸ್ವರಗಳಲ್ಲಿ ಬರೆದಿಡುತ್ತಿದ್ದ. 1903ರಲ್ಲಿ ಮಗಳು ಓಲ್ಗಾ ಸಾವಿನ ಹೊಸ್ತಿಲಲ್ಲಿದ್ದಾಗ ಅವಳ ಮಾತುಗಳನ್ನೂ ಬರೆದಿಟ್ಟ. ಫೋನಿನಲ್ಲಿ ಉಳಿದಿದ್ದ, ಹೋದವರ ಒಂದು ವಾಯ್ಸ್ ಮೆಸೇಜಿಗೆ ನಾನೂ ಅದನ್ನೇ ಮಾಡಿದೆ. ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ಶ್ರುತಿ ಬದಲಾಗದಂತೆ ವೇಗವನ್ನು ಅರ್ಧಕ್ಕಿಳಿಸಿ, ಒತ್ತು ಬೀಳುವ ಅಕ್ಷರಗಳನ್ನಷ್ಟೇ ಬರೆದೆ. ಎಲ್ಲ ಅಕ್ಷರ ಹಿಡಿಯಲು ಹೋದರೆ ಮಾತಿನ ಜಾರುವಿಕೆ ಸ್ವರಕ್ಕೆ ಸಿಗುವುದಿಲ್ಲ. ಒಂಬತ್ತು ಅಕ್ಷರಕ್ಕೆ ಐದು ಸ್ವರ ಬಂದವು, ಸುಮಾರು ಷಡ್ಜದಿಂದ ಮಧ್ಯಮದವರೆಗಿನ ಹರವು. ತಾನಾಗಿ ಶ್ರುತಿ ಗುರುತಿಸುವ ಆ್ಯಪ್ ದಂಡ: ಹಿನ್ನೆಲೆಯ ಗಲಾಟೆಗೆ ಒಂದೊಂದು ಸ್ವರವನ್ನು ಪೂರ್ತಿ ಸ್ಥಾಯಿ ಮೇಲಕ್ಕೋ ಕೆಳಕ್ಕೋ ತೋರಿಸಿತು. ಕಿವಿ ಮತ್ತು ಕೀಬೋರ್ಡೇ ಸಾಕು. ಮೊದಲು ಮೂಲ ಫೈಲನ್ನು ಮುಟ್ಟದೆ ಎರಡು ಬೇರೆ ಕಡೆ ಪ್ರತಿ ಮಾಡಿಡಿ, ಕೆಲಸ ಮೂರನೇ ಪ್ರತಿಯ ಮೇಲೆ. ಒಮ್ಮೆ ಕೂತಾಗ ಮೂರು ಸಲಕ್ಕಿಂತ ಹೆಚ್ಚು ಕೇಳಬೇಡಿ. ಏಳೆಂಟು ಸಲ ಕೇಳಿದ ರಾತ್ರಿ ಆ ದನಿ ಬರೀ ಸ್ವರವಾಗಿ ಕೇಳಿಸತೊಡಗಿತು. ಅದು ಮತ್ತೆ ಅವರ ದನಿಯಾಗಲು ಎರಡು ವಾರ ಆ ಫೈಲನ್ನು ತೆರೆಯದೆ ಬಿಡಬೇಕಾಯಿತು.