ಹಾಸಿಗೆ ಹಿಡಿದವರ ಬೆನ್ನನ್ನು ದಿನವೂ ನೋಡಿ
ಸೊಂಟದ ಮೂಳೆ ಮುರಿದು ನಮ್ಮ ಅತ್ತೆ ಎರಡು ತಿಂಗಳು ಮಲಗಿದ್ದರು. ಕೋಲಾರದ ಮನೆಗೆ ಬರುತ್ತಿದ್ದ ನರ್ಸ್ ಮೊದಲು ನೋಡುತ್ತಿದ್ದುದು ಬಿಪಿಯನ್ನಲ್ಲ, ಬೆನ್ನಿನ ಕೆಳಭಾಗವನ್ನು. ಕೆಂಪಾದ ಕಡೆ ಬೆರಳಿನಿಂದ ಒತ್ತಿ ನೋಡಿ. ಬಿಳಿಚಿಕೊಳ್ಳದಿದ್ದರೆ ಅದು ಹಾಸಿಗೆ ಹುಣ್ಣಿನ ಆರಂಭ. ಕಪ್ಪು ಚರ್ಮದಲ್ಲಿ ಕೆಂಪು ಕಾಣದಿರಬಹುದು, ಮುಟ್ಟಿದರೆ ಬಿಸಿಯೋ ಗಡುಸೋ ತಿಳಿಯುತ್ತದೆ. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬೇಡಿ (ನಾನು ತಿಕ್ಕಿ ಬೈಸಿಕೊಂಡವಳು). ಯಾವ ಮಗ್ಗುಲು ಆಗಬಹುದೆಂದು ವೈದ್ಯರನ್ನು ಕೇಳಿಕೊಂಡು, 2 ಗಂಟೆಗೊಮ್ಮೆ ಹೊರಳಿಸಿ. ಎಳೆಯಬಾರದು, ಕೆಳಗೆ ಹಾಸಿದ ಬಟ್ಟೆಯ ಸಮೇತ ಇಬ್ಬರು ಎತ್ತಬೇಕು. ಮೀನಖಂಡದ ಕೆಳಗೆ ದಿಂಬಿಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗುವುದಿಲ್ಲ.

ಬರೀ ಗಂಜಿಯಿಂದ ಗಾಯ ಮಾಯುವುದಿಲ್ಲ, ಪ್ರೋಟೀನ್ ಬೇಕು. ಮೊಟ್ಟೆ, ಮೊಸರು, ಮೆತ್ತಗಿನ ಮುದ್ದೆಗೆ ಗಟ್ಟಿ ಬೇಳೆಸಾರು ಕೊಡಿ. ಕಿಡ್ನಿ ತೊಂದರೆಯಿದ್ದರೆ ವೈದ್ಯರನ್ನು ಕೇಳಿಯೇ ಕೊಡಿ. ಚರ್ಮ ಒಡೆದರೆ ಅಂದೇ ಆಸ್ಪತ್ರೆಗೆ ತೋರಿಸಿ.