ಒಂದು ಸಣ್ಣ ‘ಎ’ ಬಿಟ್ಟದ್ದಕ್ಕೆ

ಆರ್ಡುಯಿನೋ ಎಂಬ ಪುಟ್ಟ ಎಲೆಕ್ಟ್ರಾನಿಕ್ಸ್ ಬೋರ್ಡಿಗೆ ಪ್ರೋಗ್ರಾಂ ಹಾಕಲು ಹೋದರೆ ನನ್ನ ಲ್ಯಾಪ್‌ಟಾಪಿನಲ್ಲಿದ್ದ ಲಿನಕ್ಸ್ ವ್ಯವಸ್ಥೆ ಉಬುಂಟು 20.04 ‘ಪರ್ಮಿಷನ್ ಡಿನೈಡ್’ (ಅನುಮತಿ ಇಲ್ಲ) ಎಂದಿತು. ಬೋರ್ಡಿನ ಜೊತೆ ಮಾತಾಡುವ ಸೀರಿಯಲ್ ಪೋರ್ಟ್ ಮುಟ್ಟಬೇಕಾದರೆ ‘ಡಯಲ್‌ಔಟ್’ ಎಂಬ ಬಳಕೆದಾರರ ಗುಂಪಿನಲ್ಲಿರಬೇಕು. ಅಷ್ಟೇ ತಾನೇ ಅಂತ, ಬಳಕೆದಾರನ ಗುಂಪು ಬದಲಿಸುವ ಯೂಸರ್‌ಮಾಡ್ ಕಮಾಂಡ್ ಹೊಡೆದೆ. ದೊಡ್ಡ ಜಿ ಹಾಕಿದೆ, ಅದರ ಹಿಂದೆ ಇರಬೇಕಾದ ಸಣ್ಣ ಎ ಬಿಟ್ಟೆ.

ಎ ಇದ್ದರೆ ‘ಇರುವ ಗುಂಪುಗಳ ಜೊತೆ ಇದನ್ನೂ ಸೇರಿಸು’. ಇಲ್ಲದಿದ್ದರೆ ‘ಇದೊಂದು ಸಾಕು, ಉಳಿದ ಗುಂಪುಗಳಿಂದ ತೆಗೆ’. ಕಂಪ್ಯೂಟರ್ ತುಟಿಪಿಟಕ್ಕೆನ್ನದೆ ಹೇಳಿದ್ದನ್ನು ಮಾಡಿತು. ಹೊಸ ಪಟ್ಟಿ ಲೆಕ್ಕಕ್ಕೆ ಬರುವುದು ಮತ್ತೆ ಲಾಗಿನ್ ಆದಾಗ. ಹಾಗಾಗಿ ಅವತ್ತು ಏನೂ ಗೊತ್ತಾಗಲಿಲ್ಲ.

ಮರುದಿನ ಅಡ್ಮಿನ್ ಅಧಿಕಾರದಲ್ಲಿ ಕೆಲಸ ಮಾಡಿಸುವ ಸುಡೋ ಕಮಾಂಡ್ ಬಳಸಿದರೆ, ಆ ಅಧಿಕಾರ ಯಾರಿಗೆಂದು ಹೇಳುವ ಸುಡೋಯರ್ಸ್ ಫೈಲಿನಲ್ಲಿ ನನ್ನ ಹೆಸರು ಇಲ್ಲವಂತೆ, ಈ ಘಟನೆಯನ್ನು ವರದಿ ಮಾಡುತ್ತಾರಂತೆ! ಯಾರಿಗೆ? ಅಡ್ಮಿನ್‌ಗೆ. ನಿನ್ನೆಯವರೆಗೆ ಆ ಅಡ್ಮಿನ್ ನಾನೇ ಅಲ್ವಾ! ಆ ಅಧಿಕಾರ ಕೊಡುವ ‘ಸುಡೋ’ ಗುಂಪಿನಿಂದಲೂ ಹೊರಬಿದ್ದಿದ್ದೆ. ಉಬುಂಟುವಿನಲ್ಲಿ ಎಲ್ಲ ಅಧಿಕಾರವೂ ಇರುವ ರೂಟ್ ಖಾತೆಗೂ ಮೊದಲಿಂದಲೇ ಬೀಗ. ಕೀಲಿ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡ ಹಾಗಾಯಿತು.

ರೀಸ್ಟಾರ್ಟ್ ಮಾಡಿ, ಎಸ್ಕೇಪ್ ಒತ್ತಿ, ಶುರುವಿನಲ್ಲೇ ಬರುವ ಗ್ರಬ್ ಎಂಬ ಬೂಟ್ ಮೆನು ತಂದೆ. ಕಂಪ್ಯೂಟರ್ ಶುರು ಮಾಡಿಸುವುದು ಹಳೇ ಬಯಾಸ್ ಆಗಿದ್ದರೆ ಶಿಫ್ಟ್ ಹಿಡಿಯಬೇಕು. ಅಲ್ಲಿಂದ ದುರಸ್ತಿಗೆಂದಿರುವ ರಿಕವರಿ ಮೋಡ್, ಆಮೇಲೆ ರೂಟ್ ಆಗಿ ಕಮಾಂಡ್ ಕೊಡುವ ರೂಟ್ ಶೆಲ್. ಓದಲು ಮಾತ್ರ ಬರುತ್ತಿದ್ದ ಡಿಸ್ಕನ್ನು ರೀಮೌಂಟ್ ಮಾಡಿ ಬರೆಯಲು ಬರುವಂತೆ ಮಾಡಿಕೊಂಡೆ.

ತಕ್ಷಣ ಸುಡೋ ಗುಂಪಿಗೆ ಸೇರಿಕೊಳ್ಳಲು ಹೊರಟವನು ಕೈ ತಡೆದೆ. ಹೋದದ್ದು ಅದೊಂದೇ ಅಲ್ಲವಲ್ಲ, ಬೇರೆ ಯಾವ್ಯಾವ ಗುಂಪಿನಲ್ಲಿದ್ದೆ? ಈಟಿಸಿ ಫೋಲ್ಡರಿನಲ್ಲಿ ‘ಗ್ರೂಪ್’ ಫೈಲಿನ ಪಕ್ಕದಲ್ಲೇ, ಹೆಸರಿನ ಕೊನೆಗೆ ಅಡ್ಡಗೆರೆ ಇರುವ ಇನ್ನೊಂದು ಫೈಲ್ ಇರುತ್ತದೆ. ಅದು ಬದಲಾವಣೆಗೆ ಮುಂಚಿನ ಪ್ರತಿ. ಮತ್ತೊಮ್ಮೆ ಗುಂಪು ಬದಲಾಯಿಸಿದರೆ ಆ ಪ್ರತಿಯೂ ಬದಲಾಗುತ್ತದೆ. ಹಾಗಾಗಿ ಮೊದಲು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡೆ. ಆಡ್ಮ್, ಸಿಡಿರಾಮ್, ಪ್ಲಗ್‌ಡೆವ್, ಎಲ್‌ಪಿಅಡ್ಮಿನ್ ಎಲ್ಲ ಅದರಲ್ಲಿ ಸಿಕ್ಕವು. ಸುಡೋ ಜೊತೆ ಅವನ್ನೂ ಒಂದೇ ಸಾಲಿನಲ್ಲಿ, ಈ ಸಲ ಎ ಹಾಕಿ, ವಾಪಸ್ ಸೇರಿಸಿದೆ.

ಆಮೇಲೆ ಎರಡನೇ ಅಡ್ಮಿನ್ ಖಾತೆ ಮಾಡಿದೆ, ಪಕ್ಕದ ಮನೆಯಲ್ಲಿ ಕೊಟ್ಟಿಡುವ ಕೀಲಿಯ ಹಾಗೆ. ದಿನಾ ಬಳಸುವುದಿಲ್ಲ. ಅದೇ ಲ್ಯಾಪ್‌ಟಾಪ್ ಬಳಸುವ ತಮ್ಮನಿಗೆ ಅಡ್ಮಿನ್ ಅಧಿಕಾರವಿಲ್ಲದ ಸ್ಟ್ಯಾಂಡರ್ಡ್ ಖಾತೆ ಕೊಟ್ಟೆ. ಅವನು ಗೊಣಗಿದ, ಇರಲಿ.

ಆದರೆ ಒಂದು ವಿಷಯ ತಲೆ ಕೊರೆಯಿತು. ರಿಕವರಿ ಮೋಡ್‌ನಲ್ಲಿ ನನಗೆ ಪಾಸ್‌ವರ್ಡನ್ನೇ ಕೇಳಲಿಲ್ಲ! ಲ್ಯಾಪ್‌ಟಾಪ್ ಕೈಗೆ ಸಿಕ್ಕವರು ಯಾರು ಬೇಕಾದರೂ ಹೀಗೇ ರೂಟ್ ಆಗಬಹುದು. ತಮ್ಮನಿಗೆ ಇದಿನ್ನೂ ಹೇಳಿಲ್ಲ. ಮುಂದಿನ ಸಲ ಇನ್‌ಸ್ಟಾಲ್ ಮಾಡುವಾಗ, ಪಾಸ್‌ವರ್ಡ್ ಇಲ್ಲದೆ ಡಿಸ್ಕ್ ಓದಲಾಗದಂತೆ ಮಾಡುವ ಡಿಸ್ಕ್ ಎನ್‌ಕ್ರಿಪ್ಷನ್‌ಗೆ ಟಿಕ್ ಹಾಕುತ್ತೇನೆ.